ಪಿಕಪ್ಪಿನ ಮೈಲೇಜು: ಕಾಗದದ ಲೆಕ್ಕ, ರಸ್ತೆಯ ಲೆಕ್ಕ

ನಮ್ಮ ಸದಸ್ಯ ಬಂಧುಗಳಲ್ಲಿ ಸ್ವಂತ ಪಿಕಪ್ ವಾಹನ ಇಟ್ಟುಕೊಂಡವರು ಈಗ ಅನೇಕರಿದ್ದಾರೆ. ಗೊಬ್ಬರ ತರುವುದಕ್ಕೆ, ಕಾಫಿ ಮೂಟೆ ಸಾಗಿಸುವುದಕ್ಕೆ, ಅಡಿಕೆಯನ್ನು ಮಂಡಿಗೆ ಮುಟ್ಟಿಸುವುದಕ್ಕೆ, ಆಳುಗಳನ್ನು ಕರೆತರುವುದಕ್ಕೆ ಇದು ಬೇಕೇ ಬೇಕು. ಆದರೆ ವಾಹನದ ಜೊತೆಗೇ ಮೈಲೇಜಿನ ಜಗಳವೂ ಮನೆಗೆ ಬರುತ್ತದೆ.

ನನ್ನ ಪರಿಚಯದ ಬೆಳೆಗಾರರೊಬ್ಬರು ಕಳೆದ ಕೊಯ್ಲಿನ ಕಾಲದಲ್ಲಿ, ಆರು ವರ್ಷ ತಮ್ಮಲ್ಲಿ ದುಡಿದ ಡ್ರೈವರನ್ನು ಕೆಲಸದಿಂದ ಬಿಡಿಸಿದರು. ವಾಹನ ಕೊಳ್ಳುವಾಗ ಕೊಟ್ಟ ಕಾಗದದಲ್ಲಿ ಲೀಟರಿಗೆ 14 ಕಿ.ಮೀ. ಎಂದಿತ್ತು. ಬಂಕಿನ ಚೀಟಿಗಳನ್ನು ಕೂಡಿ ನೋಡಿದಾಗ 9 ಕಿ.ಮೀ. ಸಹ ಬರುತ್ತಿರಲಿಲ್ಲ. "ಉಳಿದ ಡೀಸೆಲ್ ಎಲ್ಲಿಗೆ ಹೋಯಿತು?" ಎಂದು ಕೇಳಿದರು. "ಗಾಡಿ ಘಾಟಿ ಹತ್ತಬೇಕಲ್ಲ ಸಾವ್ಕಾರ್ರೇ" ಎಂದು ಅವನು ಹೇಳಿದ್ದು ಅವರಿಗೆ ಕಳ್ಳನ ಸಬೂಬಿನಂತೆ ಕೇಳಿಸಿತು.

ಅವನು ಹೇಳಿದ್ದು ನಿಜವೋ ಸುಳ್ಳೋ ಎಂಬುದನ್ನು ತಿಳಿಯಬೇಕಾದರೆ, ಆ ಕಾಗದದ ಸಂಖ್ಯೆ ಎಲ್ಲಿ ಹುಟ್ಟುತ್ತದೆ, ರಸ್ತೆಯ ಮೇಲೆ ಅದಕ್ಕೆ ಏನಾಗುತ್ತದೆ ಎಂಬುದನ್ನು ತಿಳಿಯಬೇಕು. ಈ ಲೇಖನದ ಉದ್ದೇಶ ಇಷ್ಟೇ.

ಅಮೆರಿಕದ ಪಿಕಪ್ ಏಕೆ?

ಪಿಕಪ್ಪುಗಳ ಇಂಧನ ಖರ್ಚಿನ ಬಗ್ಗೆ ಹೆಚ್ಚು ಕಾಲದಿಂದ, ಹೆಚ್ಚು ವಿವರವಾಗಿ ಲೆಕ್ಕವಿಟ್ಟಿರುವ ದೇಶ ಅಮೆರಿಕ. ಅಲ್ಲಿನ ರೈತ, ಬಡಗಿ, ಗುತ್ತಿಗೆದಾರ ಎಲ್ಲರ ವಾಹನವೂ ಪಿಕಪ್ಪೇ. ಫೋರ್ಡ್ ಕಂಪನಿಯ ಎಫ್ ಸರಣಿ 1977ರಿಂದ ಅಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್ ಎನಿಸಿದೆ. ಶೆವ್ರೊಲೆ ಸಿಲ್ವರಾಡೊ ಮತ್ತು ರ‍್ಯಾಮ್ ಅದರ ಪ್ರತಿಸ್ಪರ್ಧಿಗಳು. ಇವುಗಳನ್ನು ಅಲ್ಲಿ 'ಪೂರ್ಣ ಗಾತ್ರದ ಪಿಕಪ್' ಎಂದು ಕರೆಯುತ್ತಾರೆ.

ಪೂರ್ಣ ಗಾತ್ರ ಎಂದರೆ ಎಷ್ಟು? ಖಾಲಿ ವಾಹನದ ತೂಕವೇ ಸುಮಾರು 2 ರಿಂದ 2.5 ಟನ್, ಉದ್ದ ಐದೂವರೆ, ಆರು ಮೀಟರ್. ಆದರೂ ಹಿಂದಿನ ತೊಟ್ಟಿಯಲ್ಲಿ ಹೊರಲು ಅನುಮತಿ ಇರುವ ಭಾರ ಸಾಮಾನ್ಯ ಮಾದರಿಗಳಲ್ಲಿ 700 ರಿಂದ 1,000 ಕಿಲೋ ಮಾತ್ರ. ಅದಕ್ಕಿಂತ ಹಗುರವಾದ ನಮ್ಮ ಪಿಕಪ್ಪುಗಳು ಒಂದೂಕಾಲು, ಒಂದೂವರೆ ಟನ್ ಹೊರುತ್ತವೆ. ಅವರ ವಾಹನದ ಶಕ್ತಿ ಇರುವುದು ಹಿಂದೆ ಟ್ರೇಲರ್ ಕಟ್ಟಿ ಎಳೆಯುವುದರಲ್ಲಿ. ನಾಲ್ಕೈದು ಟನ್ ಎಳೆಯಬಲ್ಲ ಮಾದರಿಗಳು ಸಾಮಾನ್ಯವಾಗಿವೆ.

ಅಲ್ಲಿ ಲೆಕ್ಕ ಮೈಲಿ ಮತ್ತು ಗ್ಯಾಲನ್‌ಗಳಲ್ಲಿ. ಅಮೆರಿಕದ ಗ್ಯಾಲನ್ 3.785 ಲೀಟರ್, ನಮ್ಮ ಹಿರಿಯರು ಬಳಸುತ್ತಿದ್ದ ಬ್ರಿಟಿಷ್ ಗ್ಯಾಲನ್ 4.546 ಲೀಟರ್. ಎರಡನ್ನೂ ಬೆರೆಸಬಾರದು. ಅಮೆರಿಕದ ಗ್ಯಾಲನಿಗೆ 20 ಮೈಲಿ ಎಂದರೆ ಲೀಟರಿಗೆ 8.5 ಕಿ.ಮೀ. ಈ ಲೇಖನದಲ್ಲಿ ಎಲ್ಲವನ್ನೂ ಲೀಟರಿಗೆ ಪರಿವರ್ತಿಸಿ ಕೊಟ್ಟಿದೆ.

ಅಲ್ಲಿನ ಸರ್ಕಾರದ ಚೀಟಿಯ ಪ್ರಕಾರ 2015ರ ಮಾದರಿಯ ಫೋರ್ಡ್ ಎಫ್-150, ಎರಡು ಚಕ್ರ ಚಾಲನೆಯದು, 2.7 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನಲ್ಲಿ ನಗರದಲ್ಲಿ 8.1, ಹೆದ್ದಾರಿಯಲ್ಲಿ 11.1 ಕಿ.ಮೀ. ಕೊಡುತ್ತದೆ. ಅದೇ ವಾಹನಕ್ಕೆ 5 ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಇದ್ದರೆ ನಗರದಲ್ಲಿ 6.4, ಹೆದ್ದಾರಿಯಲ್ಲಿ 9.4. ಡೀಸೆಲ್ ಎಂಜಿನ್ನಿನ 2020ರ ಸಿಲ್ವರಾಡೊ ನಗರದಲ್ಲಿ 9.8, ಹೆದ್ದಾರಿಯಲ್ಲಿ 14. ಈ ಸಂಖ್ಯೆಗಳನ್ನು ಕಂಡು ವಾಹನ ಕೊಂಡವರು ರಸ್ತೆಯಲ್ಲಿ ಅಷ್ಟು ಸಿಗದೆ ಗೊಣಗುವುದು ಅಲ್ಲಿಯೂ ಉಂಟು. ಕಾರಣವನ್ನು ಮುಂದೆ ನೋಡೋಣ.

ಕಾಗದದ ಸಂಖ್ಯೆ ಹುಟ್ಟುವ ಬಗೆ

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ಸರಬರಾಜಿಗೆ ನಿರ್ಬಂಧ ಹಾಕಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಅಮೆರಿಕ ಸರ್ಕಾರ 1974ರಲ್ಲಿ ದೇಶಾದ್ಯಂತ ಗಂಟೆಗೆ 55 ಮೈಲಿಯ (ಸುಮಾರು 88 ಕಿ.ಮೀ.) ವೇಗಮಿತಿ ತಂದಿತು. ಈ ಮಿತಿ 1995ರಲ್ಲಿ ರದ್ದಾಯಿತು. 1975ರಲ್ಲಿ ಇಂಧನ ಮಿತವ್ಯಯದ ಕಾಯ್ದೆಯೂ ಬಂದಿತು. ವಾಹನಗಳನ್ನು ಪರೀಕ್ಷಿಸಿ ಅಂಕಿ ಕೊಡುವ ಹೊಣೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯದು. ಹೊಸ ವಾಹನದ ಗಾಜಿನ ಮೇಲೆ ಆ ಅಂಕಿಯ ಚೀಟಿ ಅಂಟಿಸಿರಬೇಕು.

ಪರೀಕ್ಷೆ ನಡೆಯುವುದು ರಸ್ತೆಯಲ್ಲಿ ಅಲ್ಲ, ಕಟ್ಟಡದೊಳಗೆ. ವಾಹನದ ಚಕ್ರಗಳನ್ನು ದೊಡ್ಡ ಉರುಳೆಗಳ ಮೇಲೆ ನಿಲ್ಲಿಸುತ್ತಾರೆ. ಚಕ್ರ ತಿರುಗುತ್ತದೆ, ವಾಹನ ಅಲ್ಲಿಯೇ ಇರುತ್ತದೆ. ಚಾಲಕನ ಮುಂದಿನ ಪರದೆಯ ಮೇಲೆ ಯಾವ ಕ್ಷಣಕ್ಕೆ ಎಷ್ಟು ವೇಗ ಇರಬೇಕು ಎಂಬ ಗೆರೆ ಓಡುತ್ತದೆ. ಅವನು ಅದನ್ನು ಅನುಸರಿಸಬೇಕು. ನಗರದ ಪರೀಕ್ಷೆ ಸುಮಾರು 17.8 ಕಿ.ಮೀ. ದೂರದ್ದು, ಸರಾಸರಿ ವೇಗ ಗಂಟೆಗೆ 34 ಕಿ.ಮೀ. ಹೆದ್ದಾರಿಯ ಪರೀಕ್ಷೆ 16.5 ಕಿ.ಮೀ.; ಸರಾಸರಿ ವೇಗ ಸುಮಾರು 78, ಗರಿಷ್ಠ ವೇಗ 97 ಕಿ.ಮೀ. ಹೊಗೆ ಕೊಳವೆಯಿಂದ ಹೊರಬಂದ ಅನಿಲದಲ್ಲಿ ಇಂಗಾಲ ಎಷ್ಟಿದೆ ಎಂದು ಅಳೆದು, ಅದರಿಂದ ಸುಟ್ಟ ಇಂಧನವನ್ನು ಲೆಕ್ಕ ಹಾಕುತ್ತಾರೆ.

ಉರುಳೆ ಚಕ್ರಕ್ಕೆ ಎಷ್ಟು ತಡೆ ಒಡ್ಡಬೇಕು ಎಂಬುದನ್ನು ಮೊದಲೇ ಕಂಡುಹಿಡಿದಿರುತ್ತಾರೆ. ಸಮತಟ್ಟಾದ ಟ್ರ್ಯಾಕಿನಲ್ಲಿ ವಾಹನವನ್ನು ವೇಗವಾಗಿ ಓಡಿಸಿ, ನ್ಯೂಟ್ರಲಿಗೆ ಹಾಕಿ, ತಾನಾಗಿ ಎಷ್ಟು ಬೇಗ ನಿಧಾನವಾಗುತ್ತದೆ ಎಂದು ಅಳೆಯುತ್ತಾರೆ. ಬಹುಪಾಲು ಪರೀಕ್ಷೆಗಳನ್ನು ಕಂಪನಿಗಳೇ ಮಾಡುತ್ತವೆ. ಸರ್ಕಾರಿ ಸಂಸ್ಥೆ ಮಿಷಿಗನ್ ರಾಜ್ಯದ ಆನ್ ಆರ್ಬರಿನಲ್ಲಿರುವ ತನ್ನ ಪ್ರಯೋಗಶಾಲೆಯಲ್ಲಿ ಕೆಲವನ್ನು ಮತ್ತೆ ಪರೀಕ್ಷಿಸುತ್ತದೆ. ಹೀಗೆ ಪರೀಕ್ಷಿಸಿದಾಗಲೇ 2012ರಲ್ಲಿ ಹುಂಡೈ ಮತ್ತು ಕಿಯಾ ಕಂಪನಿಗಳ ಕಾರುಗಳ ಅಂಕಿ ಹೆಚ್ಚಾಗಿದೆ ಎಂದು ತಿಳಿದುಬಂದು, ಅವು ಚೀಟಿಗಳನ್ನು ತಿದ್ದಬೇಕಾಯಿತು. 2014ರಲ್ಲಿ 10 ಕೋಟಿ ಡಾಲರ್ ದಂಡಕ್ಕೂ ಒಪ್ಪಬೇಕಾಯಿತು.

ಇಲ್ಲಿ ಗಮನಿಸಬೇಕಾದುದು ಆ ಕಟ್ಟಡದೊಳಗೆ ಏನೇನು ಇರುವುದಿಲ್ಲ ಎಂಬುದನ್ನು. ಅಲ್ಲಿ ಏರಿಲ್ಲ. ಮಣ್ಣು ರಸ್ತೆಯಿಲ್ಲ, ಕೆಸರಿಲ್ಲ, ಎದುರುಗಾಳಿಯಿಲ್ಲ. ಪಿಕಪ್ಪಿನ ತೊಟ್ಟಿಯಲ್ಲಿ ಸರಕಿಲ್ಲ: ಖಾಲಿ ವಾಹನದ ತೂಕಕ್ಕೆ ಸುಮಾರು 136 ಕಿಲೋ, ಅಂದರೆ ಇಬ್ಬರ ತೂಕ, ಸೇರಿಸಿ ಪರೀಕ್ಷಿಸುತ್ತಾರೆ. ಟ್ರೇಲರೂ ಇಲ್ಲ. ಭಾರ ಹೊರಲೆಂದೇ ಮಾಡಿದ ವಾಹನದ ಅಂಕಿಯನ್ನು ಭಾರ ಹೊರಿಸದೆ ಅಳೆದಿರುತ್ತಾರೆ. ನಮ್ಮ ದೇಶದಲ್ಲಿ ಪುಣೆ ಮೊದಲಾದ ಕಡೆ ನಡೆಯುವ ಪರೀಕ್ಷೆಗಳೂ ಇದೇ ರೀತಿ ಉರುಳೆಯ ಮೇಲಿನವೇ.

ಎರಡು ಸಲ ತಿದ್ದಿದ ಲೆಕ್ಕ

ಚೀಟಿಯ ಅಂಕಿ ರಸ್ತೆಯಲ್ಲಿ ಸಿಗುವುದಿಲ್ಲ ಎಂಬ ದೂರು ಅಮೆರಿಕದಲ್ಲಿ ಮೊದಲಿನಿಂದಲೂ ಇತ್ತು. ಸರ್ಕಾರ ಅದನ್ನು ಒಪ್ಪಿಕೊಂಡಿತು. 1985ರ ಮಾದರಿಗಳಿಂದ ಪ್ರಯೋಗಶಾಲೆಯ ನಗರದ ಅಂಕಿಯಲ್ಲಿ ಶೇಕಡಾ 10, ಹೆದ್ದಾರಿಯ ಅಂಕಿಯಲ್ಲಿ ಶೇಕಡಾ 22 ಕಡಿತ ಮಾಡಿ ಚೀಟಿಯಲ್ಲಿ ಬರೆಯುವ ಕ್ರಮ ಬಂದಿತು.

ಅದೂ ಸಾಲದಾಯಿತು. 2008ರ ಮಾದರಿಗಳಿಂದ ಇನ್ನೂ ಮೂರು ಪರೀಕ್ಷೆಗಳನ್ನು ಸೇರಿಸಿದರು: ಗಂಟೆಗೆ 128 ಕಿ.ಮೀ.ವರೆಗೆ ಹೋಗುವ ಬಿರುಸಿನ ಚಾಲನೆ, 35 ಡಿಗ್ರಿ ಸೆಖೆಯಲ್ಲಿ ಏ.ಸಿ. ಹಾಕಿಕೊಂಡ ಚಾಲನೆ, ಮತ್ತು ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗಿನ ಚಳಿಯಲ್ಲಿ ಚಾಲನೆ. ಇದರಿಂದ ಚೀಟಿಯ ನಗರದ ಅಂಕಿ ಸರಾಸರಿ ಶೇಕಡಾ 12, ಹೆದ್ದಾರಿಯ ಅಂಕಿ ಶೇಕಡಾ 8 ಇಳಿಯಿತು. ವಾಹನ ಅದೇ, ಎಂಜಿನ್ ಅದೇ. ಇಳಿದದ್ದು ಕಾಗದದ ಸಂಖ್ಯೆ ಮಾತ್ರ. ಹಾಗಿದ್ದೂ ಏರು, ಸರಕು, ಟ್ರೇಲರ್ ಇವು ಇಂದಿಗೂ ಆ ಪರೀಕ್ಷೆಯೊಳಗೆ ಬಂದಿಲ್ಲ. ನಿಮಗೆ ಸಿಗುವ ಮೈಲೇಜು ಬೇರೆಯಾಗಬಹುದು ಎಂದು ಚೀಟಿಯಲ್ಲೇ ಅಚ್ಚುಹಾಕಿರುತ್ತಾರೆ.

ಇನ್ನೊಂದು ಸಂಗತಿ ನಮ್ಮಂಥವರು ತಿಳಿಯತಕ್ಕದ್ದು. ಸರಕು ಸೇರಿ ಒಟ್ಟು ತೂಕ 8,500 ಪೌಂಡ್, ಅಂದರೆ ಸುಮಾರು 3,855 ಕಿಲೋ ಮೀರುವ ಭಾರಿ ಪಿಕಪ್ಪುಗಳಿಗೆ ಅಲ್ಲಿ ಮೈಲೇಜಿನ ಚೀಟಿಯೇ ಇಲ್ಲ. ಹುಲ್ಲು, ದನ, ಯಂತ್ರಗಳನ್ನು ದಿನವೂ ಎಳೆಯುವ ಅಲ್ಲಿನ ರೈತ ಹೆಚ್ಚಾಗಿ ಕೊಳ್ಳುವುದು ಇಂಥ ವಾಹನವನ್ನೇ. ಇಂಧನಕ್ಕೆ ಹೆಚ್ಚು ಹಣ ಸುರಿಯುವವನಿಗೇ ಸರ್ಕಾರದ ಅಂಕಿ ದೊರೆಯುವುದಿಲ್ಲ. ಅವನು ತನ್ನ ಪುಸ್ತಕದ ಲೆಕ್ಕವನ್ನೇ ನಂಬಬೇಕು.

ಇಂಧನ ಎಲ್ಲಿಗೆ ಹೋಗುತ್ತದೆ?

1. ತೂಕ. ವಾಹನದ ಮೇಲೆ ಪ್ರತಿ 45 ಕಿಲೋ (100 ಪೌಂಡ್) ಹೆಚ್ಚುವರಿ ತೂಕಕ್ಕೆ ಮೈಲೇಜು ಸುಮಾರು ಶೇಕಡಾ 1 ಇಳಿಯುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಚಿಕ್ಕ ವಾಹನಕ್ಕೆ ಇದರ ಪರಿಣಾಮ ಹೆಚ್ಚು. ಇದೇ ಕಾರಣಕ್ಕೆ ಫೋರ್ಡ್ ಕಂಪನಿ 2015ರ ಎಫ್-150ರ ಮೈಯನ್ನು ಉಕ್ಕಿನ ಬದಲು ಅಲ್ಯೂಮಿನಿಯಂನಲ್ಲಿ ಮಾಡಿ, ತೂಕವನ್ನು 300 ಕಿಲೋಗೂ ಮೇಲೆ ಇಳಿಸಿತು. ನಮ್ಮಲ್ಲಿ ವಾಹನದ ಹಿಂದೆ ವರ್ಷಗಟ್ಟಲೆ ಬಿದ್ದಿರುವ ಹಳೆಯ ಪೈಪು, ಕಬ್ಬಿಣದ ತುಂಡು, ಅರ್ಧ ಮೂಟೆ ಸುಣ್ಣ ಇವೂ ಡೀಸೆಲ್ ಕುಡಿಯುತ್ತವೆ.

2. ಏರು. ಮಲೆನಾಡಿನವರಾದ ನಾವು ಹೆಚ್ಚು ಗಮನಿಸಬೇಕಾದುದು ಇದು. ಕೊಲರಾಡೊ ರಾಜ್ಯದಲ್ಲಿ ಡಿಲನ್ ಎಂಬ ಊರಿನಿಂದ ಐಸೆನ್‌ಹೋವರ್ ಸುರಂಗದವರೆಗೆ ಹೆದ್ದಾರಿಯೊಂದು ಸುಮಾರು 13 ಕಿ.ಮೀ.ಗಳಲ್ಲಿ 600 ಮೀಟರಿಗೂ ಹೆಚ್ಚು ಏರುತ್ತದೆ. ಕಡಿದಾದ ಕಡೆ ಏರು ಶೇಕಡಾ 7. ಸುರಂಗ ಇರುವುದು ಸಮುದ್ರಮಟ್ಟದಿಂದ 3,400 ಮೀಟರ್ ಎತ್ತರದಲ್ಲಿ. ಪಿಕಪ್ಪುಗಳಿಗೆ ಟ್ರೇಲರ್ ಕಟ್ಟಿ ಶಕ್ತಿ ಪರೀಕ್ಷಿಸುವವರಿಗೆ ಇದು ಹೆಸರಾದ ಜಾಗ. ವಾಹನ ಮತ್ತು ಟ್ರೇಲರ್ ಸೇರಿ 6 ಟನ್ ಇದ್ದರೆ, ಅಷ್ಟು ತೂಕವನ್ನು 600 ಮೀಟರ್ ಮೇಲಕ್ಕೆ ಎತ್ತುವುದಕ್ಕೇ ಮೂರೂವರೆ ಲೀಟರಿಗೂ ಹೆಚ್ಚು ಪೆಟ್ರೋಲ್ ಬೇಕು. ಮುಂದಕ್ಕೆ ಓಡುವ ಖರ್ಚು ಬೇರೆ. ಚೀಟಿಯಲ್ಲಿ ಏನೇ ಬರೆದಿರಲಿ, ಆ ರಸ್ತೆಯಲ್ಲಿ ಲೀಟರಿಗೆ ಮೂರು ಕಿ.ಮೀ. ಸಹ ಸಿಗಲಾರದು.

ಇದೇ ಲೆಕ್ಕವನ್ನು ನಮ್ಮ ವಾಹನಕ್ಕೆ ಹಾಕೋಣ. ಸರಕು ಸೇರಿ 3 ಟನ್ ತೂಕದ ಪಿಕಪ್ 500 ಮೀಟರ್ ಎತ್ತರ ಏರಬೇಕೆನ್ನಿ. ಒಂದು ಲೀಟರ್ ಡೀಸೆಲಿನಲ್ಲಿರುವ ಶಕ್ತಿಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಚಕ್ರ ಮುಟ್ಟುತ್ತದೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ಅಂತೂ ಎತ್ತುವ ಕೆಲಸಕ್ಕೇ ಸುಮಾರು 1.3 ರಿಂದ 1.4 ಲೀಟರ್ ಬೇಕು. ಬಯಲಿನಲ್ಲಿ ಲೀಟರಿಗೆ 12 ಕಿ.ಮೀ. ಕೊಡುವ ವಾಹನ ಅಷ್ಟು ಡೀಸೆಲಿನಲ್ಲಿ 16 ಕಿ.ಮೀ. ಓಡುತ್ತಿತ್ತು. ಅಂದರೆ 500 ಮೀಟರಿನ ಒಂದು ಘಾಟಿ, ಮೀಟರಿನಲ್ಲಿ ಕಾಣದ 16 ಕಿ.ಮೀ. ರಸ್ತೆಯನ್ನು ಸೇರಿಸಿದಂತೆ.

ಇಳಿಯುವಾಗ ಅದು ವಾಪಸು ಬರುವುದಿಲ್ಲವೇ ಎಂದು ಕೇಳಬಹುದು. ಸ್ವಲ್ಪ ಬರುತ್ತದೆ, ಪೂರ್ತಿ ಬರುವುದಿಲ್ಲ. ಬ್ರೇಕು ಹಿಡಿದಾಗಲೆಲ್ಲ ಹತ್ತುವಾಗ ಗಳಿಸಿದ ಶಕ್ತಿ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಡೀಸೆಲ್ ಉಳಿಸುವೆನೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದಂತೂ ಕೂಡದು. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ತಾನೇ ನಿಂತುಹೋಗುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಸುಮ್ಮನೆ ತಿರುಗಲು ಡೀಸೆಲ್ ಬೇಕಾಗುತ್ತದೆ. ಮೇಲಾಗಿ ಬ್ರೇಕು ಕಾದು ಹಿಡಿಯದೆ ಹೋದರೆ ಜೀವಕ್ಕೇ ಸಂಚಕಾರ. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಲಾರಿ ಡ್ರೈವರುಗಳ ಮಾತು ಇಂದಿಗೂ ಸರಿ.

3. ಗಾಳಿ. ಅಮೆರಿಕದ ಅಗಲವಾದ, ನೇರವಾದ ರಸ್ತೆಗಳಲ್ಲಿ ದೊಡ್ಡ ಶತ್ರು ಇದು. ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. 100 ಕಿ.ಮೀ. ವೇಗವನ್ನು 120ಕ್ಕೆ ಏರಿಸಿದರೆ ತಡೆ ಶೇಕಡಾ 44 ಹೆಚ್ಚುತ್ತದೆ. ಎತ್ತರದ ಮೂತಿಯ ಪಿಕಪ್ಪಿಗೆ, ಅದರ ಹಿಂದೆ ಡಬ್ಬಿಯಾಕಾರದ ಟ್ರೇಲರ್ ಕಟ್ಟಿದಾಗಲಂತೂ, ಮೈಲೇಜು ಸುಮಾರು ಅರ್ಧಕ್ಕೆ ಇಳಿಯುವುದು ಸಾಮಾನ್ಯ. ಹಿಂದಿನ ಬಾಗಿಲು ಇಳಿಸಿ ಓಡಿಸಿದರೆ ಗಾಳಿ ಸರಾಗವಾಗಿ ಹೋಗಿ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಅಲ್ಲಿ ಬಹಳ ಕಾಲದಿಂದಿದೆ. ಗಾಳಿ ಸುರಂಗದ ಪರೀಕ್ಷೆಗಳಲ್ಲಿ ಕಂಡುಬಂದದ್ದು ಇದಕ್ಕೆ ವಿರುದ್ಧ: ಬಾಗಿಲು ಮುಚ್ಚಿದ್ದರೆ ತೊಟ್ಟಿಯೊಳಗೆ ಗಾಳಿಯ ಸುಳಿಯೊಂದು ನಿಂತು, ಮೇಲಿನ ಗಾಳಿ ಅದರ ಮೇಲೆ ಜಾರಿ ಹೋಗುತ್ತದೆ. ನಮ್ಮ ತಿರುವಿನ ರಸ್ತೆಗಳಲ್ಲಿ 30–40 ಕಿ.ಮೀ. ವೇಗದಲ್ಲಿ ಹೋಗುವವರಿಗೆ ಗಾಳಿಯ ಚಿಂತೆ ಅಷ್ಟಿಲ್ಲ. ಮಂಗಳೂರು, ಹಾಸನದ ಹೆದ್ದಾರಿ ಹಿಡಿದಾಗ, ಅದರಲ್ಲೂ ಮೇಲೆ ಎತ್ತರಕ್ಕೆ ಮೂಟೆ ಪೇರಿಸಿ ಟಾರ್ಪಾಲು ಪಟಪಟ ಬಡಿಯುತ್ತಿರುವಾಗ, ಅದೂ ಲೆಕ್ಕಕ್ಕೆ ಬರುತ್ತದೆ.

4. ಎಂಜಿನ್ ಮತ್ತು ಗೇರು. ಚಿಕ್ಕ ಟರ್ಬೊ ಎಂಜಿನ್ ಖಾಲಿ ಓಡುವಾಗ ಚಿಕ್ಕ ಎಂಜಿನ್ನಿನಂತೆ ಕಡಿಮೆ ಕುಡಿಯುತ್ತದೆ. ಭಾರ ಎಳೆಯುವಾಗ ದೊಡ್ಡ ಎಂಜಿನ್ನಿನಷ್ಟೇ ಕುಡಿಯುತ್ತದೆ. ಪರೀಕ್ಷೆಯಲ್ಲಿ ಭಾರವಿಲ್ಲದ ಕಾರಣ ಅದರ ಚೀಟಿ ಚೆನ್ನಾಗಿ ಕಾಣುತ್ತದೆ. ಹಾಗೆಯೇ ಅಲ್ಲಿ ಒಂದೇ ಮಾದರಿಯ ಪಿಕಪ್ಪಿಗೆ ಹಿಂದಿನ ಆಕ್ಸಲಿನ ಹಲ್ಲಿನ ಅನುಪಾತವನ್ನು ಗಿರಾಕಿಯೇ ಆರಿಸಬಹುದು. 3.15 ಅನುಪಾತದ್ದು ಖಾಲಿ ಓಟಕ್ಕೆ ಮಿತವ್ಯಯ, 3.73ರದ್ದು ಎಳೆಯಲು ಗಟ್ಟಿ, ಆದರೆ ಎಂಜಿನ್ ಹೆಚ್ಚು ಸುತ್ತು ತಿರುಗುತ್ತದೆ. ಯಾವುದು ಒಳ್ಳೆಯದು ಎಂಬುದಕ್ಕೆ ಉತ್ತರ ಕೆಲಸವನ್ನು ಅವಲಂಬಿಸಿದೆ.

5. ನಿಂತಲ್ಲೇ ತಿರುಗುವ ಎಂಜಿನ್. ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ ಗಂಟೆಗೆ ಸುಮಾರು 1 ರಿಂದ 2 ಲೀಟರ್ ಇಂಧನ ಹೀಗೆ ವ್ಯರ್ಥವಾಗುತ್ತದೆ ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ನಮ್ಮ ಚಿಕ್ಕ ಎಂಜಿನ್‌ಗಳಲ್ಲಿ ಇದಕ್ಕಿಂತ ಕಡಿಮೆ ಇರಬಹುದು. ಆದರೂ ತೂಕದ ಸಾಲಿನಲ್ಲಿ, ಗೊಬ್ಬರದ ಗೋದಾಮಿನ ಮುಂದೆ ದಿನಕ್ಕೆ ಅರ್ಧ ಗಂಟೆ ಎಂದರೆ ವರ್ಷಕ್ಕೆ ಸಣ್ಣ ಮೊತ್ತವಲ್ಲ. ಈ ಡೀಸೆಲಿಗೆ ಒಂದು ಕಿ.ಮೀ. ಸಹ ಓಟವಿಲ್ಲ.

6. ಗಿಡ್ಡ ಓಟ. ಎಂಜಿನ್ ಕಾಯುವ ಮೊದಲೇ ಓಟ ಮುಗಿದರೆ ಇಂಧನ ಹೆಚ್ಚು ಬೇಕಾಗುತ್ತದೆ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಲೈನಿನಿಂದ ತೋಟಕ್ಕೆ, ತೋಟದಿಂದ ಕಣಕ್ಕೆ ಎರಡೆರಡು ಕಿ.ಮೀ. ಓಡುವ ವಾಹನಕ್ಕೆ ಒಳ್ಳೆಯ ಮೈಲೇಜು ಬರುವುದು ಸಾಧ್ಯವಿಲ್ಲ.

7. ಟೈರಿನ ಗಾಳಿ ಮತ್ತು ಚಾಲನೆ. ನಾಲ್ಕೂ ಟೈರುಗಳಲ್ಲಿ ಗಾಳಿ ಒಂದು ಪೌಂಡ್ ಕಡಿಮೆಯಾದರೆ ಮೈಲೇಜು ಶೇಕಡಾ 0.2ರಷ್ಟು ಇಳಿಯುತ್ತದೆ. ಇದು ಸಣ್ಣದು, ಹತ್ತು ಪೌಂಡ್ ಕಡಿಮೆ ಇಟ್ಟು ವರ್ಷವಿಡೀ ಓಡಿಸಿದರೆ ಸಣ್ಣದಲ್ಲ. ದೊಡ್ಡ ವ್ಯತ್ಯಾಸ ಬರುವುದು ಕಾಲಿನಿಂದ. ರಭಸವಾಗಿ ಎತ್ತಿ ರಭಸವಾಗಿ ಬ್ರೇಕು ಹಾಕುವ ಚಾಲನೆಯಿಂದ ಹೆದ್ದಾರಿಯಲ್ಲಿ ಶೇಕಡಾ 15 ರಿಂದ 30, ನಿಂತು ಹೊರಡುವ ರಸ್ತೆಯಲ್ಲಿ ಶೇಕಡಾ 10 ರಿಂದ 40 ಮೈಲೇಜು ಕಡಿಮೆಯಾಗಬಹುದೆಂದು ಅದೇ ಇಲಾಖೆಯ ಅಂದಾಜು.

ಮೈಲೇಜಿನ ಅಂಕಿ ಕಣ್ಣಿಗೆ ಮಾಡುವ ಮೋಸ

ಲೀಟರಿಗೆ ಇಷ್ಟು ಕಿ.ಮೀ. ಎಂಬ ಲೆಕ್ಕದಲ್ಲೇ ಒಂದು ಮೋಸವಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ ಎಂಬ ಇಬ್ಬರು ಪ್ರಾಧ್ಯಾಪಕರು 2008ರಲ್ಲಿ ಇದನ್ನು ಎತ್ತಿ ತೋರಿಸಿದರು.

ಒಬ್ಬರು ಲೀಟರಿಗೆ 12 ಕಿ.ಮೀ. ಕೊಡುವ ವಾಹನ ಬಿಟ್ಟು 15 ಕೊಡುವುದನ್ನು ಕೊಂಡರು. ಇನ್ನೊಬ್ಬರು 5 ಕೊಡುವ ಹಳೆಯದನ್ನು ಬಿಟ್ಟು 6 ಕೊಡುವುದನ್ನು ಕೊಂಡರು. ಯಾರಿಗೆ ಹೆಚ್ಚು ಉಳಿತಾಯ? ಮೊದಲನೆಯವರಿಗೆ ಎಂದು ಥಟ್ಟನೆ ಹೇಳುತ್ತೇವೆ. ಲೆಕ್ಕ ಹಾಕಿ ನೋಡಿ. 1,000 ಕಿ.ಮೀ. ಓಟಕ್ಕೆ ಮೊದಲನೆಯವರ ಖರ್ಚು 83 ಲೀಟರಿನಿಂದ 67ಕ್ಕೆ ಇಳಿಯಿತು. ಉಳಿತಾಯ ಸುಮಾರು 16 ರಿಂದ 17 ಲೀಟರ್. ಎರಡನೆಯವರದು 200ರಿಂದ 167ಕ್ಕೆ ಇಳಿಯಿತು. ಉಳಿತಾಯ 33 ಲೀಟರ್, ಅಂದರೆ ಎರಡರಷ್ಟು.

ಆದುದರಿಂದ ಮೈಲೇಜು ಕಡಿಮೆ ಇರುವ, ಭಾರ ಹೊರುವ ವಾಹನದಲ್ಲಿ ಮಾಡುವ ಒಂದೇ ಒಂದು ಕಿ.ಮೀ. ಸುಧಾರಣೆಗೆ ಬೆಲೆ ಹೆಚ್ಚು. ಅಮೆರಿಕದಲ್ಲಿ 2013ರ ಮಾದರಿಗಳಿಂದ ಚೀಟಿಯ ಮೇಲೆ 100 ಮೈಲಿಗೆ ಎಷ್ಟು ಗ್ಯಾಲನ್ ಬೇಕು ಎಂಬುದನ್ನೂ ಅಚ್ಚುಹಾಕುತ್ತಿದ್ದಾರೆ. ನಾವೂ 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ಬರೆದಿಡುವುದು ಒಳ್ಳೆಯದು.

ಹೊತ್ತ ಭಾರದ ಲೆಕ್ಕ

ತೋಟದ ವಾಹನಕ್ಕೆ ಇನ್ನೊಂದು ಅಳತೆಯೂ ಬೇಕು. ವಾಹನ ಓಡುವುದು ನಮಗೆ ಬೇಕಾದದ್ದಲ್ಲ, ಸರಕು ಸಾಗುವುದು ಬೇಕಾದದ್ದು. 300 ಕಿಲೋ ಹೇರಿಕೊಂಡು ಲೀಟರಿಗೆ 11 ಕಿ.ಮೀ. ಓಡಿದ ಪಿಕಪ್, ಒಂದು ಲೀಟರಿನಲ್ಲಿ ಮಾಡಿದ ಕೆಲಸ ಒಂದು ಟನ್ನನ್ನು 3.3 ಕಿ.ಮೀ. ಸಾಗಿಸಿದಷ್ಟು. ಅದೇ ವಾಹನ 1,200 ಕಿಲೋ ಹೇರಿಕೊಂಡು 8 ಕಿ.ಮೀ. ಮಾತ್ರ ಓಡಿದರೂ, ಮಾಡಿದ ಕೆಲಸ ಒಂದು ಟನ್ನನ್ನು 9.6 ಕಿ.ಮೀ. ಸಾಗಿಸಿದಷ್ಟು. ಮೈಲೇಜು ಕೆಟ್ಟಿತು, ಡೀಸೆಲಿನ ಬೆಲೆ ಮಾತ್ರ ಸಂದಿತು.

ಹೀಗಾಗಿ ಒಳ್ಳೆಯ ಮೈಲೇಜು ತೋರಿಸಿದ ತಿಂಗಳು ಅರ್ಧ ಖಾಲಿ ಓಡಾಡಿದ ತಿಂಗಳಾಗಿರಬಹುದು. ಗೊಬ್ಬರ ತರಲು ಖಾಲಿ ಇಳಿಯುವ ವಾಹನದಲ್ಲಿ ಅಂದೇ ಕಾಫಿ ಅಥವಾ ಅಡಿಕೆ ಇಳಿಸಿದರೆ, ಅಕ್ಕಪಕ್ಕದ ಇಬ್ಬರು ಸಣ್ಣ ಬೆಳೆಗಾರರು ಒಂದೇ ಓಟದಲ್ಲಿ ಸರಕು ಸೇರಿಸಿದರೆ, ಆಗುವ ಉಳಿತಾಯ ಯಾವ ಹೊಸ ಎಂಜಿನ್ನಿನಿಂದಲೂ ಆಗದು. ಹಾಗೆಂದು ಅನುಮತಿ ಮೀರಿ ಭಾರ ಹೇರಬಾರದು. ಉಳಿಸಿದ ಡೀಸೆಲಿನ ಹಣ ಸ್ಪ್ರಿಂಗ್ ಪಟ್ಟಿ, ಟೈರು, ಬ್ರೇಕುಗಳಿಗೆ ಹೋಗುತ್ತದೆ.

ನಮ್ಮ ಲೆಕ್ಕ ನಾವೇ ಇಡುವ ಕ್ರಮ

ಇದಕ್ಕೆ ಒಂದು ನೋಟ್‌ಬುಕ್ ಮತ್ತು ಪೆನ್ಸಿಲ್ ಸಾಕು. ವಾಹನದಲ್ಲಿಯೇ ಇಟ್ಟಿರಬೇಕು.

ಮೊದಲು ಟ್ಯಾಂಕು ಪೂರ್ತಿ ತುಂಬಿಸಿ, ಮೀಟರಿನ ಅಂಕಿ ಬರೆದುಕೊಳ್ಳಿ. ಪಂಪಿನ ಹಿಡಿ ಮೊದಲ ಸಲ ತಾನಾಗಿ ಕಡಿದಾಗ ನಿಲ್ಲಿಸಿ. ಆಮೇಲೆ ಒತ್ತಿ ತುಂಬಿಸಬೇಡಿ. ಮುಂದಿನ ಸಲವೂ ಸಾಧ್ಯವಾದರೆ ಅದೇ ಬಂಕಿನಲ್ಲಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹಾಗೆಯೇ ತುಂಬಿಸಿ. ಈಗ ಹಾಕಿದ ಲೀಟರೇ ಅಷ್ಟು ದೂರಕ್ಕೆ ಖರ್ಚಾದದ್ದು. ಇನ್ನೂರು, ಐನೂರು ರೂಪಾಯಿಗೆ ಹಾಕಿಸಿ ಲೆಕ್ಕ ಹಾಕಿದರೆ ಏನೂ ತಿಳಿಯುವುದಿಲ್ಲ.

ಒಂದೇ ಸಲದ ಲೆಕ್ಕ ನಂಬಬಾರದು. ಉದಾಹರಣೆಗೆ, ಮೊದಲ ಸಲ 372 ಕಿ.ಮೀ.ಗೆ 38 ಲೀಟರ್; ಲೀಟರಿಗೆ 9.8. ಎರಡನೆಯ ಸಲ 366 ಕಿ.ಮೀ.ಗೆ 46.5 ಲೀಟರ್; 7.9. ಮೂರನೆಯ ಸಲ 380 ಕಿ.ಮೀ.ಗೆ 42 ಲೀಟರ್, 9.0. ಎರಡನೆಯದನ್ನು ಮಾತ್ರ ನೋಡಿದವರು ಡ್ರೈವರನ್ನು ಸಂದೇಹಿಸುತ್ತಾರೆ. ಪಕ್ಕದಲ್ಲಿ "ಗೊಬ್ಬರ, ನಾಲ್ಕು ಓಟ, ಘಾಟಿ ಮೇಲಕ್ಕೆ" ಎಂದು ಬರೆದಿದ್ದರೆ ಸಂದೇಹಕ್ಕೆ ಎಡೆಯಿಲ್ಲ. ಮೂರೂ ಸೇರಿ 1,118 ಕಿ.ಮೀ.ಗೆ 126.5 ಲೀಟರ್, ಅಂದರೆ ಲೀಟರಿಗೆ 8.8. ಇದು ಆ ವಾಹನದ, ಆ ರಸ್ತೆಯ ನಿಜವಾದ ಮೈಲೇಜು.

ಆದುದರಿಂದ ಪುಸ್ತಕದಲ್ಲಿ ಐದು ಕಲಂ ಇರಲಿ: ದಿನಾಂಕ, ಮೀಟರಿನ ಅಂಕಿ, ಹಾಕಿದ ಲೀಟರ್, ಹೇರಿದ ಸರಕು, ಹೋದ ದಾರಿ. ಮೂಲ ಅಳತೆಗಿಂತ ದೊಡ್ಡ ಟೈರು ಹಾಕಿಸಿದ್ದರೆ ಮೀಟರು ಓಡಿದ್ದಕ್ಕಿಂತ ಕಡಿಮೆ ತೋರಿಸುತ್ತದೆ, ಮೈಲೇಜೂ ಕಡಿಮೆಯೆಂದು ಕಾಣುತ್ತದೆ. ರಸ್ತೆಯ ಕಿಲೋಮೀಟರ್ ಕಲ್ಲುಗಳೊಡನೆ ಒಮ್ಮೆ ತಾಳೆ ನೋಡಿಕೊಳ್ಳಬೇಕು.

ಹೀಗೆ ಒಂದು ವರ್ಷ ಬರೆದರೆ ಕೊಯ್ಲಿನ ಕಾಲದ್ದೆಷ್ಟು, ಮಳೆಗಾಲದ್ದೆಷ್ಟು, ಗೊಬ್ಬರದ ಕಾಲದ್ದೆಷ್ಟು ಎಂದು ತಾನಾಗಿ ತಿಳಿಯುತ್ತದೆ. ಆಮೇಲೆ ಅದೇ ಕೆಲಸ, ಅದೇ ದಾರಿಯಲ್ಲಿ ಅಂಕಿ ಒಮ್ಮೆಲೇ ಇಳಿದರೆ ಅದಕ್ಕೆ ಅರ್ಥವಿದೆ. ಏರ್ ಫಿಲ್ಟರ್ ಕಟ್ಟಿರಬಹುದು, ಬ್ರೇಕು ಹಿಡಿದುಕೊಂಡಿರಬಹುದು, ಇಂಜೆಕ್ಟರ್ ಸೋರುತ್ತಿರಬಹುದು, ಟ್ಯಾಂಕಿನಿಂದ ಡೀಸೆಲ್ ಹೋಗುತ್ತಲೂ ಇರಬಹುದು. ಕಳ್ಳತನವನ್ನು ಹಿಡಿಯುವುದಕ್ಕೂ ಈ ಪುಸ್ತಕವೇ ಸಾಧನ; ಕಂಪನಿಯ ಕಾಗದವಲ್ಲ.

ಕೊನೆಯ ಮಾತು

ಹಾಗಾದರೆ ಕಾಗದದ ಸಂಖ್ಯೆ ನಿಷ್ಪ್ರಯೋಜಕವೇ? ಅಲ್ಲ. ಒಂದೇ ರೀತಿ ಪರೀಕ್ಷಿಸಿದ ಎರಡು ವಾಹನಗಳಲ್ಲಿ ಯಾವುದು ಮೇಲು ಎಂದು ಕೊಳ್ಳುವ ಮೊದಲು ತೂಗಿ ನೋಡಲು ಅದು ಉಪಯುಕ್ತ. ಕೊಂಡ ಮೇಲೆ ನಮ್ಮ ಘಾಟಿಯಲ್ಲಿ ನಮ್ಮ ಮೂಟೆಗಳೊಡನೆ ಅಷ್ಟೇ ಬರಬೇಕೆಂದು ಹಟ ಹಿಡಿಯುವುದಕ್ಕೆ ಅದನ್ನು ಬರೆದಿಲ್ಲ.

ಮೊದಲು ಹೇಳಿದ ಬೆಳೆಗಾರರು ಹೊಸ ಡ್ರೈವರ್ ಸಿಗದೆ ಒಂದು ತಿಂಗಳು ತಾವೇ ವಾಹನ ಓಡಿಸಿದರು. ಟ್ಯಾಂಕು ತುಂಬಿಸಿ, ಬರೆದಿಟ್ಟು, ಕೂಡಿ ನೋಡಿದರು. ಲೀಟರಿಗೆ 8.7 ಬಂದಿತು. ಮರುದಿನ ಹಳೆಯ ಡ್ರೈವರನ ಮನೆಗೆ ತಾವೇ ಹೋದರು. ಅವನು ಅಷ್ಟರಲ್ಲಿ ಬೇರೆ ಕಡೆ ಕೆಲಸಕ್ಕೆ ಸೇರಿದ್ದ, ಬರಲಿಲ್ಲ. ಲೆಕ್ಕವನ್ನು ಒಂದು ತಿಂಗಳು ಮೊದಲೇ ಹಾಕಿದ್ದರೆ ನಂಬಿಕೆಯ ಮನುಷ್ಯನೊಬ್ಬ ಉಳಿಯುತ್ತಿದ್ದ ಎಂದು ಅವರು ಈಗ ಹೇಳುತ್ತಾರೆ.

ಸದಸ್ಯ ಬಂಧುಗಳು ಈ ತಿಂಗಳೇ ಒಂದು ನೋಟ್‌ಬುಕ್ ತೆರೆದು ತಮ್ಮ ವಾಹನದಲ್ಲಿಡಬೇಕೆಂದು, ಅದನ್ನು ಬರೆಯುವ ಕೆಲಸವನ್ನು ಡ್ರೈವರನ ಕೈಗೇ ಕೊಡಬೇಕೆಂದು ಕೋರಿಕೆ.